ಧನರಾಜನ ಹುಲಿಗೆ ಯಾರು ಹೊಣೆ

ದೇಲಂಪಾಡಿಯ ಲೋಲಾಕ್ಷಿಯ ಗಂಡ ಧನರಾಜ ವಯರಿಂಗ್ ಕೆಲಸದವ. ಸಿಟ್ಟು ಜಾಸ್ತಿ, ಧೈರ್ಯ ಕಡಿಮೆ. ಕಾಡಂಚಿನಲ್ಲಿ ಚಿರತೆ ಕಾಣಿಸಿಕೊಂಡ ವರ್ಷ ಜ್ಯೋತಿಷಿಯೊಬ್ಬರು ಕವಡೆ ಸರಿಸಿ, "ನಿಮ್ಮ ಹಿರಿಯರಿಗೆ ಹುಲಿಯಾಗುವ ವಿದ್ಯೆ ಗೊತ್ತಿತ್ತು. ಅದು ನಿಮ್ಮ ರಕ್ತದಲ್ಲೂ ಉಂಟು" ಅಂದುಬಿಟ್ಟರು. ಅಲ್ಲಿಂದ ಅವನ ಮೈಮೇಲೆ ಆಗಾಗ ಹುಲಿ ಬರತೊಡಗಿತು. ಗುರುಗುಟ್ಟುತ್ತ ನಾಲ್ಕು ಕಾಲಲ್ಲಿ ಓಡುವುದು, ಇಳಿದ ಮೇಲೆ "ನಂಗೆ ಎಂತದೂ ಗೊತ್ತಿಲ್ಲ" ಅನ್ನುವುದು.

ಊರವರು ಕೈಮುಗಿದರು. ಲೋಲಾಕ್ಷಿ ಮಾತ್ರ ಒಂದು ಸಂಗತಿ ಗಮನಿಸಿದ್ದಳು. ಎಡಗಡೆಯ ಮನೆ ಪಂಚಾಯತ್ ಮೆಂಬರರದ್ದು. ಹುಲಿ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಊರವರು ಪೊರ್ಬುಗಳು ಅನ್ನುವ ಬಲಗಡೆಯ ಕ್ರಿಶ್ಚಿಯನ್ ಆಂಬ್ರೋಸನ ಜೊತೆ ನೀರಿನ ಪೈಪಿನ ಜಗಳ ಇತ್ತು; ಹುಲಿಗೆ ಆ ದಾರಿಯೊಂದೇ ಗೊತ್ತು.

ಒಂದು ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ ಆಂಬ್ರೋಸನ ಮೀನಖಂಡಕ್ಕೇ ಹುಲಿ ಬಾಯಿ ಹಾಕಿತು. ಹೊಲಿಗೆ ಬಿತ್ತು.

ಕುಂಟುತ್ತ ಹೋದ ಆಂಬ್ರೋಸನಿಗೆ ಪೊಲೀಸರು, "ಹುಲಿ ಕಚ್ಚಿದರೆ ಫಾರೆಸ್ಟಿನವರು ನೋಡಬೇಕು" ಅಂದರು. ಫಾರೆಸ್ಟಿನವರು, "ರೇಷನ್ ಕಾರ್ಡ್ ಇರುವ ಹುಲಿ ನಮ್ಮದಲ್ಲ" ಅಂದರು. ಊರಿನ ಹಿರಿಯರು ಸಭೆ ಸೇರಿ, "ದೇಹ ಅವನದ್ದು, ಬುದ್ಧಿ ಹುಲಿಯದ್ದು. ತಪ್ಪು ಯಾರದ್ದೂ ಅಲ್ಲ. ನೀವೂ ಕಾಲು ಅಲ್ಲಿ ಇಡಬಾರದಿತ್ತು ಪೊರ್ಬುಗಳೇ" ಎಂದು ತೀರ್ಮಾನ ಕೊಟ್ಟರು.

ಲೋಲಾಕ್ಷಿಗೆ ನಾಚಿಕೆಯಿಂದ ಅನ್ನ ಇಳಿಯಲಿಲ್ಲ. ಮರುದಿನ ಆ ಹಿರಿಯರ ಬಳಿಗೇ ಹೋಗಿ, ಧನರಾಜ ಹುಲಿಯೇ ಹೌದು ಎಂದು ಬರೆಸಿ ಸಹಿ ಹಾಕಿಸಿಕೊಂಡಳು. ಅವರು ಹೆಮ್ಮೆಯಿಂದಲೇ ಹಾಕಿದರು. ಹಿರಿಯರೆಲ್ಲ ಸಹಿ ಹಾಕಿದ ಆ ಕಾಗದವನ್ನು ಅವಳು ಮುಂದಿಟ್ಟ ಮೇಲೆ ಫಾರೆಸ್ಟಿನವರಿಗೂ ದಾರಿ ಉಳಿಯಲಿಲ್ಲ. ಚಿರತೆಗೆಂದು ತಂದಿದ್ದ ಬೋನನ್ನು ಪಿಕಪ್ಪಿನಲ್ಲಿ ತಂದು ಅವಳ ಅಂಗಳದಲ್ಲಿ ಇಳಿಸಿದರು.

"ಎಂತ ಇದು?" ಅಂದ ಧನರಾಜ.

"ನಿಮಗೇ. ಹಿಡಿದು ಒಳಕಾಡಿಗೆ ಬಿಡ್ತಾರಂತೆ."

"ನೀನು ನನ್ನ ಹೆಂಡತಿ ಅಲ್ವಾ?"

"ಮನುಷ್ಯನಿಗೆ ಹೆಂಡತಿ. ಹುಲಿಗೆ ನಾನು ಯಾರೂ ಅಲ್ಲ. ಬೋನು ಬೇಡ ಅಂತಾದ್ರೆ ಸ್ಟೇಷನ್ ಉಂಟು. ನೀವೇ ಹೇಳಿ."

ಧನರಾಜ ಬೋನಿನೊಳಗೆ ಇಣುಕಿದ. ಹಳೇ ಆಡಿನ ಮಾಂಸದ ವಾಸನೆ ಬಂತು. "ಸ್ಟೇಷನ್" ಅಂದ, ಮೆಲ್ಲಗೆ.

ಕಚ್ಚಿದ್ದೆಲ್ಲ ನೆನಪುಂಟು ಎಂದು ಅಲ್ಲಿ ಒಪ್ಪಿಕೊಂಡ. ಹಿರಿಯರಿಗೆ ಬಹಳ ಬೇಸರವಾಯಿತು. ಊರಿಗಿದ್ದ ಒಂದೇ ಹುಲಿಯನ್ನು ಹೆಂಗಸೊಬ್ಬಳು ಹಾಳು ಮಾಡಿದಳು ಅಂದರು. ಕೇಸು ಕೋರ್ಟಿನಲ್ಲಿ ಇನ್ನೂ ಉಂಟು.

ಜಾಮೀನಿನಲ್ಲಿ ಬಂದವನನ್ನು ಲೋಲಾಕ್ಷಿ ಸೀದಾ ಆಂಬ್ರೋಸನ ಮನೆಗೆ ಕರೆದೊಯ್ದಳು. ಧನರಾಜ ತಲೆ ತಗ್ಗಿಸಿ, "ತಪ್ಪಾಯ್ತು" ಅಂದ.

"ನಾಯಿ ಕಚ್ಚಿದರೆ ಇಂಜೆಕ್ಷನ್ ಉಂಟು" ಅಂದ ಆಂಬ್ರೋಸ. "ನೆರೆಮನೆಯವ ಕಚ್ಚಿದರೆ ಎಂತ ಹಾಕುವುದು ಮಾರಾಯ?"

ಆಂಬ್ರೋಸ ಇಬ್ಬರಿಗೂ ಚಹಾ ತಂದುಕೊಟ್ಟ. ಕೊಟ್ಟು ಕೂತವನು ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡ.