ತುಂಗಮ್ಮನವರು ಆಡದ ಮಾತು

ಜಯಕ್ಕ, ಆ ಮಾತನ್ನು ಆಡಿದ್ದು ತುಂಗಮ್ಮನವರಲ್ಲ. ನಾನು.

ಹೇಳಬೇಕಾಗಿದ್ದದ್ದು ಇಷ್ಟೇ. ಒಂದು ಉಸಿರಿನಲ್ಲಿ ಮುಗಿಯುವ ಮಾತು — ಇದಕ್ಕೆ ನನಗೆ ಏಳು ವರ್ಷ ಬೇಕಾಯಿತು. ಅಣೆ ಹೋಗಿ ನಯಾಪೈಸೆ ಬಂತು, ವಠಾರದ ಬಾವಿ ಮುಚ್ಚಿ ನಲ್ಲಿ ಬಂತು, ನನಗೊಂದು ಮೀಸೆ ಬಂತು, ಕಚೇರಿಯಲ್ಲಿ ಕಾಲು ಅಲ್ಲಾಡುವ ಒಂದು ಕುರ್ಚಿಯೂ ಬಂತು. ಈ ಮಾತು ಮಾತ್ರ ಬರಲಿಲ್ಲ.

ಬಾಯಲ್ಲಿ ಹೇಳಲು ನೋಡಿದೆ. ನನ್ನ ಬಾಯಿ ಎಂಥದೆಂದು ನಿಮಗೆ ಗೊತ್ತು. ಅದು ತೆರೆದರೆ ಸಾಕು, ಜನ ನಗಲು ಸಿದ್ಧರಾಗಿ ಕೂರುತ್ತಾರೆ. ಹಾಲಿನವನು, ಸಂಸ್ಕೃತದ ಮೇಷ್ಟರು, ನಮ್ಮಪ್ಪನ ಕೆಮ್ಮು, ಚಾಮರಾಜನಗರದ ರೈಲು — ಎಲ್ಲವೂ ಅದರೊಳಗೆ ವಾಸವಾಗಿವೆ. ಬಾಡಿಗೆ ಮಾತ್ರ ಯಾರೂ ಕೊಡುವುದಿಲ್ಲ. ನನ್ನ ಸ್ವಂತ ದನಿ ಯಾವುದೆಂದು ಹೆತ್ತ ತಾಯಿಗೇ ಗುರುತಿಲ್ಲ, ಬಾಗಿಲಾಚೆ ನಿಂತು "ಅಮ್ಮಾ" ಎಂದರೆ "ಯಾರಪ್ಪಾ ಅದು?" ಎನ್ನುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಯಾರ ದನಿಯನ್ನೂ ಮಾಡಲಾಗುವುದಿಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ಏನೇನಿತ್ತು ಎಂದು ಮೊದಲು ಎಣಿಸಿಕೊಳ್ಳದೆ ನಾನು ಏನನ್ನು ಒಡೆದೆ ಎಂದು ಹೇಳುವುದು ಹೇಗೆ?

ಕೃಷ್ಣಮೂರ್ತಿಪುರದ ನಮ್ಮ ವಠಾರ. ತುಂಗಮ್ಮನವರದೇ ಮನೆಗಳು, ಅವರ ಯಜಮಾನರು ಅರಮನೆ ಕಚೇರಿಯಿಂದ ನಿವೃತ್ತರಾಗಿ ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಒಂದು ಕಡೆ ನಾವು, ಮೂಲೆಯ ಮನೆಯಲ್ಲಿ ನೀವು — ಕೃಷ್ಣರಾಜನಗರದ ಕಡೆಯ ಒಕ್ಕಲು ಮನೆತನದಿಂದ ಬಂದವರು. ಎಲ್ಲರಿಗೂ ಸೇರಿದ ಹಿತ್ತಲು, ಅದರ ನಡುವೆ ದಾಳಿಂಬೆ ಗಿಡ. ನೆಟ್ಟವರು ತುಂಗಮ್ಮನವರು, ಸಾಕಿದವರು ನೀವು. ಬುಡ ಕೆದಕಿ ಕುರಿಗೊಬ್ಬರ ಹಾಕಿದ್ದು, ಬುಡದಲ್ಲಿ ಎದ್ದ ಚಿಗುರುಗಳನ್ನು ಕಿತ್ತದ್ದು, ಕಾಯಿ ನಿಂಬೆ ಗಾತ್ರವಾದೊಡನೆ ಹಳೆಯ ಪಂಚೆಯ ಚೂರು ಕಟ್ಟಿ ಹುಳುವಿನಿಂದಲೂ ಅಳಿಲಿನಿಂದಲೂ ಕಾಪಾಡಿದ್ದು ನೀವೇ. "ನಿಮ್ಮ ಗಿಡಕ್ಕೆ ನಮ್ಮೆಜಮಾನ್ರ ಪಂಚೆಯೆಲ್ಲ ಆಗೋಯ್ತು ಕಣಮ್ಮ" ಎಂದು ನೀವು, "ನಿನ್ನ ಯಜಮಾನ ಉಡೋದಕ್ಕಿಂತ ಗಿಡಕ್ಕೇ ಚೆನ್ನಾಗಿ ಒಪ್ಪತ್ತೆ ಬಿಡೇ" ಎಂದು ಅವರು. ಮಡಿಯೆಂದರೆ ನಮ್ಮನ್ನೆಲ್ಲ ಮಾರು ದೂರ ನಿಲ್ಲಿಸುತ್ತಿದ್ದ ತುಂಗಮ್ಮನವರು ಬಾವಿಕಟ್ಟೆಯಲ್ಲಿ ನಿಮ್ಮೊಡನೆ ಕೂತರೆ ಒಲೆಯ ಮೇಲಿನ ಹಾಲನ್ನೂ ಮರೆಯುತ್ತಿದ್ದರು.

ನನಗೆ ಭೇದಿ ಹಿಡಿದು ಪ್ರಾಣ ಹೋಗುವಂತಾದಾಗ ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯ ಕಷಾಯ ಕಾಸಿದವರು ಅವರು. ಮೂಗು ಹಿಡಿದು ಕುಡಿಸಿದವರು ನೀವು. ಆ ಒಗರಿಗೆ ನನ್ನ ನಾಲಗೆ ಮಡಚಿಕೊಂಡು ಎರಡು ದಿನ ಯಾರ ದನಿಯೂ ಹೊರಡಲಿಲ್ಲ. "ಇನ್ನೊಂದ್ ಲೋಟ ಕುಡಿಸ್ಬುಡ್ತೀನಿ ತಡಿ, ವಠಾರ ತಣ್ಣಗಿರ್ತದೆ" ಎಂದು ನೀವು ನಕ್ಕಿದ್ದಿರಿ. ಕುಡಿಸಿಬಿಡಬೇಕಾಗಿತ್ತು, ಜಯಕ್ಕ.

ನವರಾತ್ರಿಯ ಶುಕ್ರವಾರ ಬರುತ್ತಿತ್ತು. ದೇವಿಯ ಮೈಬಣ್ಣ ದಾಳಿಂಬೆ ಹೂವಿನದು ಎನ್ನುತ್ತಾ ತುಂಗಮ್ಮನವರು ಗಿಡದ ದೊಡ್ಡ ಹಣ್ಣನ್ನು ಅವಳ ಮುಂದೆ ಇಡುತ್ತಿದ್ದರು. ಆರತಿಯಾದ ಮೇಲೆ ಆ ಹಣ್ಣು ನಿಮ್ಮ ಮಡಿಲಿಗೆ ಬೀಳುತ್ತಿತ್ತು. "ಇದರೊಳಗಿನ ಬೀಜದ ಹಾಗೆ ನಿನ್ನ ಮನೆ ತುಂಬಲಿ" — ಪ್ರತಿ ವರ್ಷ ಅದೇ ಮಾತು. ನೀವು ಸೆರಗೊಡ್ಡಿ, ತಲೆ ಬಗ್ಗಿಸಿ ನಿಲ್ಲುತ್ತಿದ್ದಿರಿ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು ನಿಮಗೆ. ಊರಿಗೆ ಹೋದರೆ ನಿಮ್ಮ ಅತ್ತೆ ಏನನ್ನುತ್ತಿದ್ದರೋ, ಬಸ್ಸಿನಲ್ಲಿ ಪಕ್ಕ ಕೂತವರು ಏನು ಕೇಳುತ್ತಿದ್ದರೋ — ಮಕ್ಕಳಿಲ್ಲವೆಂಬ ಆ ಚುಚ್ಚುಮಾತು ನಿಮ್ಮನ್ನು ಮುಟ್ಟದಿದ್ದ ಜಾಗ ಪ್ರಪಂಚದಲ್ಲಿ ಒಂದೇ ಒಂದಿತ್ತು. ಆ ಹಿತ್ತಲು.

ಆಮೇಲೆ ಆ ಬೇಸಿಗೆ. ನನಗೆ ಹದಿನೇಳು. ಇಬ್ಬರು ಸ್ನೇಹಿತರು ಬಂದಿದ್ದರು. ನಮ್ಮ ಹಿಂದಿನ ಕೋಣೆಯಲ್ಲಿ ಕೂತಿದ್ದೆವು. ಆ ಕೋಣೆಯ ಕಿಟಕಿಯೂ ತುಂಗಮ್ಮನವರ ಅಡಿಗೆಮನೆಯ ಕಿಟಕಿಯೂ ಒಂದೇ ಗೋಡೆಯಲ್ಲಿ, ಪಕ್ಕಪಕ್ಕ, ಹಿತ್ತಲಿಗೆ ಮುಖ ಮಾಡಿ. ನಾನು ತುಂಗಮ್ಮನವರ ದನಿ ಮಾಡುತ್ತಿದ್ದೆ — ಅವರಿಗೆ ಹೆದರಿ ವಠಾರದವರ ಮುಂದೆ ಎಂದೂ ಮಾಡಿರದ ದನಿ. ಕಾಗೆಗೆ ಬೈದೆ, ತರಕಾರಿಯವನಿಗೆ ಬೈದೆ, ಪೇಪರು ಬಿಡದ ಯಜಮಾನರಿಗೆ ಬೈದೆ. ಸ್ನೇಹಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ತಗ್ಗಿತು — ಒಬ್ಬ ಆಕಳಿಸಿದ. ದನಿ ಮಾಡುವವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕಿಟಕಿಯಾಚೆ ನೋಡಿದೆ. ಗಿಡದ ಬುಡದ ತುಂಬ ಕೆಂಪು ಹೂ ಉದುರಿತ್ತು. ಈ ಸಲ ಪೂಜೆಗೆ ಹಣ್ಣೇ ಇರುವುದಿಲ್ಲವೇನೋ ಎಂದು ಬೆಳಗ್ಗೆ ತಾನೇ ತುಂಗಮ್ಮನವರು ಗೊಣಗಿದ್ದರು. ಬಾಯಿಗೆ ಬಂತು —

"ಹೂವೆಲ್ಲ ಉದುರದೆ ಇನ್ನೇನಾಗತ್ತೆ? ದಿನಾ ಬೆಳಗಾದ್ರೆ ಆ ಬಂಜೆ ನೆರಳು ಬುಡದ ಮೇಲೆ ಬೀಳ್ತಿದ್ರೆ!"

ಸ್ನೇಹಿತರು ನಕ್ಕರೋ ಇಲ್ಲವೋ ನೆನಪಿಲ್ಲ. ಬಚ್ಚಲ ಗೋಡೆಯ ಮರೆಯಲ್ಲಿ ಕೊಡ ಕೆಳಗಿಟ್ಟ ಸದ್ದು ನೆನಪಿದೆ. ಇಟ್ಟದ್ದಲ್ಲ — ಕೈ ಜಾರಿದ್ದು.

ನೀವು ಅಲ್ಲಿದ್ದಿರೆಂದು ತಿಳಿದಿರಲಿಲ್ಲ — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು. ಸುಳ್ಳು. ನಿಮ್ಮ ಬಳೆ ಸದ್ದು ಕೇಳಿಸಿತ್ತು. ಕೇಳಿಸಿಯೂ — ಇಲ್ಲ, ಇನ್ನೂ ಸರಿಯಾಗಿ ಹೇಳುತ್ತೇನೆ — ಕೇಳಿಸಿದ್ದರಿಂದಲೇ ಅಂದೆ. ಮೋಸಹೋಗಲು ಒಬ್ಬರು ಹತ್ತಿರದಲ್ಲಿದ್ದರೆ ದನಿಗೆ ಬೆಲೆ. ನೀವು ನಿಜವೆಂದು ನಂಬುತ್ತೀರೋ ಇಲ್ಲವೋ ನೋಡಬೇಕಿತ್ತು ನನಗೆ. ಅಷ್ಟೇ. ದ್ವೇಷವಿದ್ದಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು.

ಹೂ ಯಾಕೆ ಉದುರುತ್ತದೆ ಎಂಬುದೂ ನನಗೆ ಗೊತ್ತಿತ್ತು. ನೀವೇ ಹೇಳಿಕೊಟ್ಟಿದ್ದಿರಿ, ಎರಡು ಹೂವನ್ನು ಅಂಗೈಯಲ್ಲಿಟ್ಟು: "ನೋಡೋ, ಇದು ಬುಡ ಸಣ್ಣಕ್ಕಿರೋದು, ಗಂಡು ಹೂವು, ಉದುರೇ ಉದುರ್ತದೆ. ಬುಡ ಗುಂಡಗಿರೋದು ಮಾತ್ರ ಕಾಯ್ ಕಟ್ಟೋದು. ಉದುರೋದು ಗಿಡದ ತಪ್ಪಲ್ಲ ಕಣೋ." ಗಿಡದ ತಪ್ಪಲ್ಲ ಎಂದು ನಿಮ್ಮ ಬಾಯಿಂದಲೇ ಕೇಳಿದ್ದವನು, ನಿಮ್ಮ ತಪ್ಪು ಎಂದು ಇನ್ನೊಬ್ಬರ ಬಾಯಿಂದ ಹೇಳಿಸಿದೆ.

ಮರುದಿನ ಸಂಜೆ ನೀವು ತುಂಗಮ್ಮನವರ ಮನೆಗೆ ಹೋದಿರಿ. ಜಗಳದ ಸದ್ದಿಗೆ ನಾವೆಲ್ಲ ಹೋಗಿ ನಡುಮನೆಯಲ್ಲಿ ನಿಂತೆವು. ನಾನೂ ನಿಂತಿದ್ದೆ, ನನ್ನ ಅಮ್ಮನ ಹಿಂದೆ. ತುಂಗಮ್ಮನವರು ಕಣ್ಣು ಕೆಂಪಗೆ ಮಾಡಿಕೊಂಡು, "ನಾನ್ಯಾಕೆ ಹಾಗಂತೀನೇ ಜಯಾ? ನನ್ನ ಬಾಯಿಗೆ ಹುಳ ಬಿದ್ದಿದೆಯೇ?" ಎಂದರು. ನೀವು ದೇವರಮನೆಯ ಹೊಸ್ತಿಲ ಈಚೆಯೇ ನಿಂತು ಒಳಗಿನ ದೀಪ ತೋರಿಸಿದಿರಿ.

"ನಾನ್ ಕಿವಿಯಾರೆ ಕೇಳಿವ್ನಿ ಕಣಮ್ಮ. ಅಂದಿಲ್ಲ ಅನ್ನೋದಾದ್ರೆ ಆ ದೀಪ ಮುಟ್ಬುಡಿ. ತಪ್ಪಾಯ್ತು ಅಂತ ಇಲ್ಲೇ ಕಾಲಿಗ್ ಬಿದ್ಬುಡ್ತೀನಿ."

ಅವರ ಕೈ ಮುಂದೆ ಹೋಯಿತು. ದೀಪದ ಹತ್ತಿರ ನಿಂತಿತು. ನಿಂತೇ ಇತ್ತು — ಆಮೇಲೆ ಹಿಂದಕ್ಕೆ ಬಂತು. ನೀವು ಸೆರಗನ್ನು ಹೊದ್ದುಕೊಂಡು ಹೊರಟುಹೋದಿರಿ.

ಆಗ ನಾನು ಬಾಯಿ ತೆರೆಯಬಹುದಾಗಿತ್ತು. "ನಾನೇ" — ಎರಡೇ ಅಕ್ಷರ. ತೆರೆಯಲಿಲ್ಲ. ಅಪ್ಪ ಹೊಡೆಯುತ್ತಾರೆಂದು ಹೆದರಿದೆ, ಅದು ಒಂದು. ಇನ್ನೊಂದು, ಹೇಳಲೂ ನಾಚಿಕೆ — ನನ್ನ ದನಿಯನ್ನು ಇಡೀ ವಠಾರ ನಿಜವೆಂದು ನಂಬಿತಲ್ಲ ಎಂದು ಒಳಗೆಲ್ಲೋ ಒಂದು ಹೆಮ್ಮೆ ಇತ್ತು.

ಆಷಾಢ ಹುಟ್ಟುವ ಮುಂಚೆಯೇ ಮನೆ ಖಾಲಿ ಮಾಡಿ ನೀವು ವಿದ್ಯಾರಣ್ಯಪುರಕ್ಕೆ ಹೋದಿರಿ. ಎತ್ತಿನಗಾಡಿಗೆ ಸಾಮಾನು ಏರಿಸಲು ಬಂದು ನಿಂತವನು ನಾನೇ. "ನೀನೊಬ್ಬ ಬಂದೆಯಲ್ಲೋ" ಎಂದು ತಲೆ ಸವರಿದಿರಿ. ಆ ನವರಾತ್ರಿಗೆ ಗಿಡದಲ್ಲಿ ಹಣ್ಣು ಇತ್ತು. ತುಂಗಮ್ಮನವರು ಒಂದನ್ನು ದೇವಿಯ ಮುಂದೆ ಇಟ್ಟರು. ಆರತಿಯಾಯಿತು. ಅದನ್ನು ಯಾರ ಮಡಿಲಿಗೂ ಹಾಕಲಿಲ್ಲ. ಇಂದಿಗೂ ಹಾಕುವುದಿಲ್ಲ.

ನಾನು ಬದುಕಿದ್ದು ಆ ನಿಂತ ಕೈಯ ನೆರಳಿನಲ್ಲಿ. ಮುಟ್ಟಲಿಲ್ಲವಲ್ಲ! ಅಂದರೆ ಅವರೂ ಎಂದೋ ಎಲ್ಲೋ ಹಾಗೆ ಅಂದಿರಬೇಕು. ಹಾಗಾದರೆ ನನ್ನದೇನು ಅಂಥ ದೊಡ್ಡ ತಪ್ಪು? ಈ ತರ್ಕವನ್ನು ಎಷ್ಟು ಉಜ್ಜಿದೆನೆಂದರೆ ಅದು ತೆಳ್ಳಗಾಗಿ ಹರಿಯುವ ಹೊತ್ತಿಗೆ ತುಂಗಮ್ಮನವರು ಹಾಸಿಗೆ ಹಿಡಿದಿದ್ದರು.

ಯುಗಾದಿಯಿಂದ ಮಲಗಿದ್ದಾರೆ. ಗಂಜಿಯೂ ನಿಲ್ಲುವುದಿಲ್ಲ, ದಾಳಿಂಬೆ ರಸ ಮಾತ್ರ ಹೊಟ್ಟೆ ಒಪ್ಪುತ್ತದೆ. ಸಂಜೆ ಕಚೇರಿಯಿಂದ ಬಂದು ಕಾಳು ಬಿಡಿಸಿ, ಬಟ್ಟೆಯಲ್ಲಿ ಹಿಂಡಿ, ಚಮಚದಲ್ಲಿ ಹಾಕುವುದು ನನ್ನ ಕೆಲಸ. ಕೈಯ ಕರೆ ಹೋಗದೆ ಕಚೇರಿಯಲ್ಲಿ "ಯಾರನ್ನು ಕೊಂದು ಬಂದೆಯಯ್ಯಾ?" ಎಂದು ಕೇಳುತ್ತಾರೆ. ಹೋದ ವಾರ ಚಮಚ ಹಿಡಿದುಕೊಂಡೇ ಹೇಳಿಬಿಟ್ಟೆ. ಎಲ್ಲವನ್ನೂ.

ಅವರು ಚಮಚವನ್ನು ಪಕ್ಕಕ್ಕೆ ಸರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನೇನೋ..." ಎಂದರು. ಆಮೇಲೆ: "ಆವತ್ತು ದೀಪ ಯಾಕೆ ಮುಟ್ಟಲಿಲ್ಲ ಗೊತ್ತೇನೋ? ಅಂದಿರಲಿಲ್ಲ. ಆದರೆ ಒಂದು ಸಲ ಅಂದ್ಕೊಂಡಿದ್ದೆ. ಒಂದೇ ಸಲ ಕಣೋ, ಆ ವರ್ಷವೇ, ಉದುರಿದ ಹೂ ಗುಡಿಸ್ತಾ. ತಕ್ಷಣ ಬಾಯಿಗೆ ಬಡ್ಕೊಂಡೆ. ಅಷ್ಟರಲ್ಲಿ ಅವಳು ಬಂದು ದೀಪ ತೋರಿಸಿದಳು. ನನ್ನೊಳಗಿದ್ದದ್ದು ಅವಳ ಕಿವಿಗೆ ಹೇಗೆ ಬಿತ್ತೋ, ದೇವಿಯೇ ಕೇಳಿಸಿದಳೇನೋ ಅಂತ ಕೈ ಹಿಂದಕ್ಕೆ ತಗೊಂಡ್ಬಿಟ್ಟೆ."

ಏಳು ವರ್ಷ ಅವರು ಹಾಗೆಂದು ನಂಬಿ ಬದುಕಿದ್ದಾರೆ, ಜಯಕ್ಕ. ದೇವಿ ತಮ್ಮ ಮನಸ್ಸನ್ನು ಬಯಲು ಮಾಡಿದಳೆಂದು. ಆ ದೇವಿ ಬೇರಾರೂ ಅಲ್ಲ, ಆಕಳಿಸುವ ಸ್ನೇಹಿತನನ್ನು ನಗಿಸಲು ಹೊರಟ ಒಬ್ಬ ಪೋಲಿ ಎಂದು ಅವರಿಗೆ ಗೊತ್ತಿರಲಿಲ್ಲ.

"ಅವಳಿಗೆ ಹೇಳು," ಎಂದರು. "ನಿನ್ನದೂ ಹೇಳು, ನನ್ನದೂ ಹೇಳು. ಮುಚ್ಚಿಡಬೇಡ. ನನ್ನ ದನಿ ಮಾತ್ರ ಮಾಡಬೇಡ."

ಬಂದೆ. ನಿಮಗೆ ನೆನಪಿರಬಹುದು, ಮೊನ್ನೆ ಗುರುವಾರ. ಮಾರುಕಟ್ಟೆಯಲ್ಲಿ ದಾಳಿಂಬೆ ಕೊಂಡು ತಂದಿದ್ದೆ. "ಇದೊಂದ್ ಮಾತ್ರ ಬ್ಯಾಡ ಕಣಪ್ಪ, ಈ ಮನೆಗೆ ಬರಲ್ಲ ಇದು" ಎಂದು ಚೀಲವನ್ನು ಹೊರಗೇ ಇಡಿಸಿದಿರಿ. ನಿಮ್ಮ ಯಜಮಾನರು ಕಾರ್ಖಾನೆಯಿಂದ ಬಂದವರೇ, "ಓಹೋ ಸೀನ! ನಮ್ಮ ಸೂಪರ್‌ವೈಸರ್ ನೋಡಿದ್ದೀಯಲ್ಲ, ಅವನದೊಂದು ಮಾಡೋ" ಎಂದರು. ನಾನು — ಮಾಡಿದೆ. ಚೆನ್ನಾಗಿಯೇ ಮಾಡಿದೆ. ನೀವು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿರಿ. ಆ ನಗು ನೋಡಿ ಹೇಳಲಾಗಲಿಲ್ಲ. ಕಾಫಿ ಕುಡಿದು ಬಂದುಬಿಟ್ಟೆ.

ಈಗ ಬರೆದಾಯಿತು. ತುಂಗಮ್ಮನವರ ಮನಸ್ಸಿಗೆ ಆ ಮಾತು ಒಮ್ಮೆ ಬಂದು ಹೋಗಿತ್ತು; ಅವರು ಅದನ್ನು ತುಟಿ ದಾಟಗೊಡಲಿಲ್ಲ. ಯಾರ ಮನಸ್ಸಿಗೆ ಏನು ಬರುವುದಿಲ್ಲ? ತಡೆದವರು ಅವರು. ಅದಕ್ಕೆ ಬಾಯಿ ಕೊಟ್ಟವನು ನಾನು. ಅವರದನ್ನು ನನ್ನದರ ಪಕ್ಕದಲ್ಲಿಟ್ಟು ತೂಗಬೇಡಿ.

ನೀವು ಬಂದು ಅವರನ್ನು ನೋಡಬೇಕೆಂದು ಕೇಳುವ ಮುಖ ನನಗಿಲ್ಲ. ಅವರೂ ಕೇಳಲಿಲ್ಲ. ಡಾಕ್ಟರು ಹೆಚ್ಚು ದಿನ ಹೇಳುತ್ತಿಲ್ಲ — ಇದನ್ನು ನಿಮಗೆ ತಿಳಿಸದಿದ್ದರೆ ಇನ್ನೊಂದು ಮಾತು ಮುಚ್ಚಿಟ್ಟಂತಾಗುತ್ತದೆ, ಅದಕ್ಕೆ ಬರೆದೆ.

ಭಾನುವಾರ ಬೆಳಗ್ಗೆ ನಿಮ್ಮ ಮನೆಯ ಮುಂದೆ ಇರುತ್ತೇನೆ. ಯಜಮಾನರೂ ಇರಲಿ, ಅಕ್ಕಪಕ್ಕದವರೂ ಇರಲಿ. ನಗಿಸುವುದಿಲ್ಲ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಬಾಗಿಲು ತೆಗೆಯದಿದ್ದರೆ ಹೊರಗಿನಿಂದಲೇ ಹೇಳುತ್ತೇನೆ. ಹೇಳಿದ ಮೇಲೂ ನೀವು ಕ್ಷಮಿಸಬೇಕೆಂದಿಲ್ಲ.