ಹಾಜಿರಾ ಕಿಟಕಿ ಕಡೆ ಹೋಗಿ ಕೂತದ್ದು

ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಬೋರಮ್ಮ ಮತ್ತು ಹಾಜಿರಾ ಹತ್ತೊಂಬತ್ತು ವರ್ಷ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಮೋಟಾರಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವ ಕೆಲಸ. ಬೋರಮ್ಮನ ಕೈ ಅದರ ಪಾಡಿಗೆ ಆಡುತ್ತಿತ್ತು, ಬಾಯಿ ಅದರ ಪಾಡಿಗೆ. ಗಂಡ ತೀರಿಹೋದ ಮೇಲೆ ತಾನು ಪಟ್ಟ ಪಾಡು, ಮಂಡಿನೋವು, ಸೊಸೆ ಪ್ರತಿಮಾಳ ಬಿಗುಮಾನ, ಎಲ್ಲವನ್ನೂ ಮೋಟಾರಿನ ಸದ್ದನ್ನೂ ಮೀರಿ ಗಟ್ಟಿಯಾಗಿ ಹೇಳಿಕೊಂಡು ಹಗುರಾಗುತ್ತಿದ್ದಳು. ಇಂಥ ಗೆಳತಿ ಸಿಕ್ಕಿದ್ದು ತನ್ನ ಪುಣ್ಯವೆಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದಳು.

ಆಷಾಢದ ಒಂದು ಬುಧವಾರ ಹಾಜಿರಾ ಬಂದವಳೇ ತನ್ನ ಸ್ಟೂಲು ಎತ್ತಿಕೊಂಡು ಕಿಟಕಿ ಕಡೆಯ ಸಾಲಿಗೆ ಹೋಗಿ ಕೂತಳು.

"ಯಾಕೆ ಹಾಜಿರಾ, ಅಲ್ಲೋಗಿ ಕುಂತ್ಕಂಡೆ?"

"ಇಲ್ಲಿ ಬೆಳಕು ಚೆನ್ನಾಗೈತೆ."

ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದಳು. ಬೋರಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ದಿಗಿಲು. ಎಂಥ ಮಾತು ಜಾರಿತು ತನ್ನಿಂದ? ತಡಕಿದಷ್ಟೂ ಏನೂ ಸಿಗಲಿಲ್ಲ. ಮೂರು ವಾರ ಕಳೆದ ಮೇಲೆ ಹಾಜಿರಾ ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದಳು. ತಡೆಯಲಾರದೆ ಒಂದು ಭಾನುವಾರ ಬೋರಮ್ಮ ದಾರಿ ಕೇಳಿಕೊಂಡು ಅವಳ ಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಆ ಮನೆಗೆ ಹೋದದ್ದು ಅದೇ ಮೊದಲು.

ಬಾಗಿಲು ತೆಗೆದವಳು ಹಾಜಿರಾಳ ಮಗಳು ಮಹ್ವಿಶ್. ಮುಂದಿನ ಕೋಣೆಯ ಮಂಚದಲ್ಲಿ ಒಬ್ಬ ಯುವಕ ಮಲಗಿದ್ದ. ಹೊದಿಕೆಯಡಿ ಕಾಲುಗಳು ಕಡ್ಡಿಯಂತಿದ್ದವು.

"ನಮ್ಮಣ್ಣ, ಆಂಟಿ. ಮುಷರಫ್."

ಬೋರಮ್ಮನಿಗೆ ನೆನಪಾಯಿತು. ಮಗ ಸ್ಕೂಟರಿನಿಂದ ಬಿದ್ದನೆಂದು ಹೋದ ವರ್ಷ ಹಾಜಿರಾ ಹೇಳಿದ್ದಳು. 'ವಯಸ್ಸಿನ ಹುಡುಗ, ವಾಸಿಯಾಯ್ತದೆ ಬುಡು' ಅಂದಿದ್ದಳು ತಾನು. ಮತ್ತೆ ಕೇಳಿರಲಿಲ್ಲ.

ಹಾಜಿರಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ನಾನೇನ್ ತಪ್ಪು ಮಾಡ್ದೆ ಹೇಳ್ಬುಡು ಹಾಜಿರಾ. ಬೈದ್ಬುಡು ಬೇಕಾರೆ. ನಂಗೆ ನಿದ್ದೆನೇ ಬತ್ತಿಲ್ಲ."

"ಈಗ್ಲೂ ನಿನ್ ನಿದ್ದೆ ಮಾತೇ," ಅಂದಳು ಹಾಜಿರಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವ್ನು ಇನ್ನು ಎದ್ದು ನಡೆಯಲ್ಲ ಅಂತ ಡಾಕ್ಟ್ರು ಹೇಳಿದ್ರು. ನಾನು ಕಿಟಕಿ ಕಡೆ ಹೋಗೋ ಹಿಂದಿನ್ ದಿನ ಬಂದು ನಿಂಗೇ ಮೊದ್ಲು ಹೇಳ್ದೆ. ನೀನು ಹೂಂ ಅಂದು, ಸೊಸೆ ಸಾರಿಗೆ ಉಪ್ಪು ಹಾಕಿಲ್ಲ ಅಂದೆ."

"ಆ ಮೋಟ್ರು ಸದ್ದಲ್ಲಿ ಕೇಳಿಸ್ನಿಲ್ಲ ಕಣೆ."

"ಹಿಂದಿನ ಸಾಲಲ್ಲಿದ್ದ ಪುಟ್ಟಿಗೆ ಕೇಳಿಸ್ತು. ಅವ್ಳು ಎದ್ ಬಂದು ಕೈ ಹಿಡ್ಕೊಂಡ್ಳು." ಹಾಜಿರಾ ಮಗನ ಹೊದಿಕೆ ಸರಿಮಾಡಿದಳು. "ಇನ್ ಬರ್ಬೇಡ ಬೋರಮ್ಮ. ಕೋಪ ಇಲ್ಲ ನಂಗೆ. ಕೇಳೋ ಶಕ್ತಿ ಇಲ್ಲ, ಅಷ್ಟೆ."

ವಾಪಸು ಬರುವಾಗ ಬಸ್ಸಿನಲ್ಲಿ ಬೋರಮ್ಮ ಹಾಜಿರಾ ಹೇಳಿದ ಒಂದೇ ಒಂದು ಮಾತನ್ನಾದರೂ ನೆನೆಯಲು ನೋಡಿದಳು. ಅವಳ ಗಂಡನ ಹೆಸರು ಕೂಡ ಬಾಯಿಗೆ ಬರಲಿಲ್ಲ. ತನ್ನ ಮಾತುಗಳು ಮಾತ್ರ ಒಂದೊಂದೂ ನೆನಪಿದ್ದವು. ಹಾಜಿರಾ ಸುಮ್ಮನಿದ್ದದ್ದನ್ನೇ ಅಕ್ಕರೆಯೆಂದು ತಿಳಿದಿದ್ದಳು ತಾನು. ಇನ್ನು ಯಾರ ಸುಮ್ಮನಿರುವಿಕೆಯನ್ನು ಏನೆಂದು ತಿಳಿಯುವುದು?

ಮನೆಯಲ್ಲಿ ಪ್ರತಿಮಾ ಸೊಪ್ಪು ಸೋಸುತ್ತಿದ್ದಳು. ಬೋರಮ್ಮ ಎದುರಿಗೇ ಕೂತಳು.

"ನಾನು ಎಂಥೋಳು ಹೇಳವ್ವ. ಇದ್ದಿದ್ದು ಇದ್ದಂಗೆ."

ಪ್ರತಿಮಾಳ ಕೈ ನಿಂತಿತು. ಇದರಲ್ಲಿ ಏನು ಹೂಟವಿದೆಯೋ ಎಂಬಂತೆ ಅತ್ತೆಯ ಮುಖ ನೋಡಿದಳು.

"ಯಾಕತ್ತೆ? ಚೆನ್ನಾಗೇ ಇದೀರಲ್ಲ."

"ಬೇಜಾರ್ ಮಾಡ್ಕಳಲ್ಲ ಕಣವ್ವ. ಒಸಿ ಹೇಳು."

"ಹೇಳಕ್ಕೆ ಏನೂ ಇಲ್ಲ ಅತ್ತೆ."

ಪ್ರತಿಮಾ ಸೊಪ್ಪನ್ನು ಬಾಚಿಕೊಂಡು ಒಳಗೆ ಹೋದಳು. ತುಸು ಹೊತ್ತಿನಲ್ಲಿ ಅಡುಗೆಮನೆಯಿಂದ ಅವಳು ಫೋನಿನಲ್ಲಿ ಯಾರಿಗೋ ಪಿಸುದನಿಯಲ್ಲಿ ಏನೋ ಹೇಳುತ್ತಿದ್ದುದು ಕೇಳಿಸಿತು. ಬೋರಮ್ಮ ಎದ್ದು ಎರಡು ಹೆಜ್ಜೆ ಇಟ್ಟಳು. ಮಾತು ನಿಂತುಹೋಯಿತು.