ಬೂರುಗದ ಹಲಗೆ

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಜಗಳವಾಡಿಕೊಂಡಂತೆ ದೂರ ನಿಂತಿತ್ತು. ನೆಲದ ಮೇಲೆ ಕೂತು, ಮರದ ತುಂಡನ್ನು ಕಾಲಲ್ಲೇ ಅವುಚಿ ಹಿಡಿದು ಎಷ್ಟೋ ವರ್ಷ ಉಳಿ ಹೊಡೆದದ್ದರ ಗುರುತು ಅದು. ಆ ಕಾಲಿಗೆ ಯಾವ ಚಪ್ಪಲಿಯೂ ಹೊಂದುತ್ತಿರಲಿಲ್ಲ. ಕೆಸರಿನಲ್ಲಿ ಹೆಜ್ಜೆ ಕಂಡರೆ ಸಾಕು, ಆಚಾರ್ರು ಕೆರೆಗೆ ಹೋಗಿದ್ದಾರೆ ಎಂದು ನಮಗೆ ತಿಳಿಯುತ್ತಿತ್ತು.

ನಮ್ಮೂರು ಹಳೇಕೋಟೆಯ ಹತ್ತಿರ. ಬಾಗಿಲು, ತೊಟ್ಟಿಲು, ನೇಗಿಲು ಏನೇ ಆಗಬೇಕಿದ್ದರೂ ಆಚಾರ್ರೇ. ಅವರನ್ನು ಹೆಸರಿಟ್ಟು ಕರೆದವರನ್ನು ನಾನು ಕಾಣೆ. ವರ್ಷವಿಡೀ ತಲೆ ಬಗ್ಗಿಸಿ ಕೆಲಸ ಮಾಡುವ ಮನುಷ್ಯ, ಆಷಾಢ ಬಂತೆಂದರೆ ಬೇರೆಯೇ ಆಗಿಬಿಡುತ್ತಿದ್ದರು. ಆಷಾಢದಲ್ಲಿ ಯಾರೂ ಬಾಗಿಲು ನಿಲ್ಲಿಸುವುದಿಲ್ಲ, ಅವರಿಗೆ ಕೆಲಸವಿಲ್ಲ. ಪಡುವಲ ಗಾಳಿಗೆ ಕೆರೆಯಲ್ಲಿ ಮೊಣಕಾಲೆತ್ತರದ ಅಲೆ ಏಳುವುದೂ ಆಗಲೇ. ಬೂರುಗದ ಮರ ಹಗುರ, ಬಾಗಿಲಿಗೆ ಬಾರದು. ಅದರಲ್ಲಿ ಆಳುದ್ದದ ಹಲಗೆಯೊಂದನ್ನು ಕೊಯ್ದು, ಹೊಂಗೆ ಎಣ್ಣೆ ಉಜ್ಜಿ ಇಟ್ಟುಕೊಂಡಿದ್ದರು. ಅದನ್ನು ತಲೆಯ ಮೇಲೆ ಹೊತ್ತು ಪಡುವಣ ದಡಕ್ಕೆ ಹೋಗಿ, ಚಡ್ಡಿಯಲ್ಲಿ ಹಲಗೆ ಹತ್ತಿ ನಿಲ್ಲುವರು. ಬಿಚ್ಚಿದ ಪಂಚೆಯ ಕೆಳಗಿನ ಅಂಚನ್ನು ಸೊಂಟಕ್ಕೆ ಸುತ್ತಿ, ಮೇಲಿನ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ಗಾಳಿಗೆ ಒಡ್ಡುವರು. ಪಂಚೆ ಉಬ್ಬುತ್ತಿತ್ತು, ಹೆಬ್ಬೆರಳು ಹಲಗೆಯ ಅಂಚನ್ನು ಕಚ್ಚಿ ಹಿಡಿಯುತ್ತಿತ್ತು. ಅಲೆಯ ಬೆನ್ನೇರಿ ಏರಿಯವರೆಗೆ ಬಂದುಬಿಡುತ್ತಿದ್ದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು, ‘ಬಂತು ಕಣೇ ಆಚಾರ್ರ ಹಡಗು’ ಎಂದು ನಗುತ್ತಿದ್ದರು. ಈಗ ನನ್ನ ಮಗಳು ಮೊಬೈಲಿನಲ್ಲಿ ಸಮುದ್ರದ ಅಲೆ ಹತ್ತುವವರನ್ನು ತೋರಿಸಿದರೆ ನನಗೇನೂ ಹೊಸದೆನಿಸುವುದಿಲ್ಲ.

ಆದರೆ ನೀರಿಗಿಳಿಯುವ ಮುಂಚೆ ಅವರದೊಂದು ಕ್ರಮವಿತ್ತು. ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಬೊಗಸೆ ಕೆರೆಯ ನೀರೆತ್ತಿ ಕುಡಿಯುವುದು. ಕುಡಿದ ಮೇಲೆಯೇ ಹಲಗೆ. ನನಗೆ ಒಂಬತ್ತು ವರ್ಷವಿದ್ದಾಗ ಅವರೇ ಈಜು ಕಲಿಸಿದ್ದು. ಹೆಣ್ಣುಮಕ್ಕಳಿಗೆ ಯಾಕೆ ಈಜು ಎಂದು ನಮ್ಮಜ್ಜಿ ಗೊಣಗಿದಾಗ, ನೀರಿಗೇನು ಗಂಡು ಹೆಣ್ಣು ಗೊತ್ತಾ ಎಂದು ಕೇಳಿ ಅಜ್ಜಿಯ ಬಾಯಿ ಮುಚ್ಚಿಸಿದ್ದರು. ಮೊದಲ ದಿನ ನನಗೂ ಬೊಗಸೆ ನೀರು ಕುಡಿಸಿದರು.

‘ಕುಡಿಯಕ್ಕಾಗ್ದಿರೋ ನೀರ್ಗೆ ಮೈ ಕೊಡಬಾರ್ದು ಕಣವ್ವ,’ ಎಂದರು.

ಮರ ಅಂಟಿಸುವಾಗ ಕೈಗಂಟಿದ ಸರೇಸನ್ನು ಅವರು ಕೆರೆಯಲ್ಲಿ ತೊಳೆದದ್ದಿಲ್ಲ. ಬಿಂದಿಗೆಯಲ್ಲಿ ನೀರೆತ್ತಿಕೊಂಡು ದೂರ ಹೋಗಿ ತೊಳೆಯುತ್ತಿದ್ದರು. ಬಾಯಿ ಮುಕ್ಕಳಿಸಿ ಕೆರೆಗೆ ಉಗಿದ ಹುಡುಗನೊಬ್ಬನಿಗೆ, ‘ನಿಮ್ಮವ್ವ ಮುದ್ದೆಗೆ ಎಸ್ರಿಡೋ ನೀರ್ ಕಣ್ಲಾ ಅದು’ ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ನಾನು ಮದುವೆಯಾದದ್ದು ಸೋದರಮಾವನ ಮಗನನ್ನೇ. ಊರು ಬದಲಾಗಲಿಲ್ಲ, ಬೀದಿ ಬದಲಾಯಿತು. ಬೋರ್‌ವೆಲ್ ಕೊರೆಸಿ ಮನೆಮನೆಗೆ ನಲ್ಲಿ ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲದಾಯಿತು. ನಲ್ಲಿ ಬಂದದ್ದಕ್ಕೆ ಬಚ್ಚಲು ದೊಡ್ಡದಾಯಿತು, ಬಚ್ಚಲಿಗೆ ಪೈಪು ಬಂತು. ಪೈಪುಗಳೆಲ್ಲ ಹಿತ್ತಲ ಹಿಂದಿನ ಹಳ್ಳಕ್ಕೆ, ಹಳ್ಳ ಕೆರೆಗೆ.

ಎಂಟು ವರ್ಷದ ಹಿಂದೆ ನಾವೂ ಹೊಸ ಮನೆ ಕಟ್ಟಿದೆವು. ಮುಂಬಾಗಿಲು ಆಚಾರ್ರದೇ. ಬಾಗಿಲಿಗೆ ಕದ ಕೂರಿಸಿದ ದಿನ ಅವರು ಸುಮ್ಮನೆ ಮನೆ ಸುತ್ತಿ, ಹಿತ್ತಲಿಗೆ ಹೋಗಿ, ಪೈಪು ನೋಡಿಕೊಂಡು ಬಂದರು. ಬಂದವರು ನಮ್ಮ ಯಜಮಾನರಿಗೆ, ಹಿತ್ತಲಲ್ಲೇ ಒಂದು ಇಂಗುಗುಂಡಿ ಮಾಡಿ ಜಲ್ಲಿ ತುಂಬಿಸಿ, ಬೇಕಾದರೆ ನಾನೇ ತೋಡುತ್ತೇನೆ ಎಂದರು. ಆಗ ಅವರಿಗೆ ಎಪ್ಪತ್ತರ ಹತ್ತಿರ.

‘ಒಂದ್ಮನೆ ಗುಂಡಿ ತೋಡ್ದೇಟ್ಗೆ ಕೆರೆ ತಿಳಿಯಾಗ್ಬುಡ್ತದಾ ಆಚಾರ್ರೇ?’ ಎಂದರು ನಮ್ಮವರು.

‘ಒಂದೊಂದೇ ಮನೇಲಿ ತಾನೇ ಸಾ, ಕೆಟ್ಟಿದ್ದು?’

ಹೇಳಿ, ಅವರು ನನ್ನ ಕಡೆ ನೋಡಿದರು. ಆ ನೋಟ ಏನು ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು. ನಾನೊಂದು ಮಾತು ಹೇಳಿದ್ದರೆ ನಮ್ಮವರು ಒಪ್ಪುತ್ತಿದ್ದರು, ಅದೂ ಗೊತ್ತಿತ್ತು. ಗೃಹಪ್ರವೇಶ ಹತ್ತಿರವಿತ್ತು, ಹಿತ್ತಲು ಅಗೆದು ರಾಡಿಯಾಗುವುದು ನನಗೆ ಬೇಡವಾಗಿತ್ತು. ‘ಇರಿ, ಕಾಫಿ ತತ್ತೀನಿ’ ಎಂದು ಒಳಗೆ ಹೋದೆ. ಅವರು ಕಾಫಿ ಕುಡಿದು, ಲೋಟ ಬೋರಲು ಹಾಕಿ, ಚೀಲ ಹೆಗಲಿಗೇರಿಸಿ ಹೋದರು.

ಮನೆ ಕಟ್ಟಿದ ಮರುವರ್ಷದ ಆಷಾಢ. ಆಚಾರ್ರ ವಿಷಯ ಕೇಳಿ ಹಾಸನದಿಂದ ಮೂವರು ಹುಡುಗರು ಜೀಪಿನ ಮೇಲೆ ಬಣ್ಣಬಣ್ಣದ ಹಲಗೆ ಕಟ್ಟಿಕೊಂಡು ಬಂದರು. ನೀವು ಮುಂದೆ ಹೋಗಿ ತಾತ, ನಾವು ನಿಮ್ಮ ಹಿಂದೆ ಬರುತ್ತೇವೆ ಎಂದರು. ಆಚಾರ್ರಿಗೆ ಅದೆಷ್ಟು ಖುಷಿಯೋ, ಒಗೆದ ಪಂಚೆ ಉಟ್ಟು ಬಂದಿದ್ದರು. ನೋಡಲು ಏರಿಯ ತುಂಬ ಜನ, ನಾನೂ ಇದ್ದೆ. ಅವರು ದಡದಲ್ಲಿ ಕೂತರು. ಬೊಗಸೆಯಲ್ಲಿ ನೀರೆತ್ತಿದರು. ಮೂಗಿನ ಹತ್ತಿರ ತಂದರು. ಆಮೇಲೆ ಬೆರಳ ಸಂದಿಯಿಂದ ನೀರು ಸೋರಿಹೋಗಲು ಬಿಟ್ಟು, ‘ಇಲ್ಲ ಕಣ್ರಪ್ಪ, ಆಗಕಿಲ್ಲ’ ಎಂದು ಎದ್ದರು.

ವಯಸ್ಸಾಯಿತು, ಹೆದರಿಕೊಂಡರು ಎಂದುಕೊಂಡ ಹುಡುಗರು ತಾವೇ ಇಳಿದರು. ಒಂದು ಗಂಟೆ ಆಡಿ, ಮೈ ಕೆರೆದುಕೊಳ್ಳುತ್ತಾ ಜೀಪು ಹತ್ತಿದರು, ಮತ್ತೆ ಬರಲಿಲ್ಲ. ಹಲಗೆ ಹೊತ್ತು ವಾಪಸು ಬರುತ್ತಿದ್ದ ಆಚಾರ್ರನ್ನು ಏರಿಯ ಮೇಲೊಬ್ಬ, ‘ಯಾಕ್ ಆಚಾರ್ರೇ, ಹಡಗು ಕೆಟ್ಟೋಯ್ತಾ?’ ಎಂದು ಕೆಣಕಿದ. ಅವರು ನನ್ನ ಮುಂದೆಯೇ ಹಾದುಹೋದರು. ನಾನು ಸೆರಗು ಸರಿ ಮಾಡಿಕೊಳ್ಳುವವಳಂತೆ ತಲೆ ತಗ್ಗಿಸಿದೆ.

ಅಲ್ಲಿಂದ ಪ್ರತಿ ಆಷಾಢ ಹಲಗೆ ಹೊತ್ತು ಹೋಗುವುದು, ಬೊಗಸೆಯೆತ್ತಿ ನೋಡುವುದು, ಚೆಲ್ಲಿ ಬರುವುದು. ಕೊನೆಯ ವರ್ಷ ಹಲಗೆ ಹೊರಲಾಗದೆ ಬರಿಗೈಯಲ್ಲಿ ಹೋಗಿ ಬಂದರು. ಮಾಘದ ಚಳಿಯಲ್ಲಿ ಉಬ್ಬಸ ಹೆಚ್ಚಾಗಿ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಅವರ ಹೆಂಡತಿ ಮೊಮ್ಮಗನಿಂದ ಹಲಗೆ ಹೊರಿಸಿಕೊಂಡು ನಮ್ಮ ಮನೆಗೆ ಬಂದರು.

‘ಅವ್ಳು ಗುಂಡಿ ತೋಡಿಸ್ದಾಗ ಮುಚ್ಚಕ್ಕಾಯ್ತದೆ, ಕೊಟ್ಬುಡು ಅಂದಿದ್ರು ಕಣವ್ವ. ತೋಡ್ಸಿದ್ದೀಯಾ?’

ಆ ಮುದುಕಿಯ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ವಾರವೇ ಗುಂಡಿ ತೋಡಿಸಿದೆ. ಈಗ ಬೂರುಗದ ಹಲಗೆ ಅದರ ಮೇಲಿದೆ. ಈ ಮರ ಮಣ್ಣಿನ ತೇವಕ್ಕೆ ಎರಡು ವರ್ಷ ತಾಳುವುದಿಲ್ಲ, ಆಚಾರ್ರಿಗೆ ಗೊತ್ತಿಲ್ಲದ್ದೇನಲ್ಲ. ಅಷ್ಟರೊಳಗೆ ಬೀದಿಯವರೂ ತೋಡಿಸಲಿ ಎಂದು ಮೊನ್ನೆ ಪಕ್ಕದ ಮನೆಗೆ ಹೋಗಿದ್ದೆ. ಯಜಮಾನ ಎಲ್ಲ ಕೇಳಿಸಿಕೊಂಡು, ನಿಮ್ಮದೊಂದು ನಮ್ಮದೊಂದು ಗುಂಡಿಯಿಂದ ಕೆರೆ ತಿಳಿಯಾಗುತ್ತದೆಯೇ ಅಕ್ಕ ಎಂದು ನಕ್ಕ. ಆಚಾರ್ರ ಮಾತನ್ನೇ ಹೇಳಿದೆ. ಹೇಳಿ ಅವನ ಹೆಂಡತಿಯ ಕಡೆ ನೋಡಿದೆ.

‘ಇರಿ ಅಕ್ಕ, ಕಾಫಿ ತತ್ತೀನಿ,’ ಎಂದು ಅವಳು ಒಳಗೆ ಹೋದಳು.

ಕಾಫಿ ಬಂತು. ಕುಡಿದು, ಲೋಟ ಬೋರಲು ಹಾಕಿ ಬಂದೆ.